ತೊಟ್ಟಿಯ ನೀರು ಹೋಗುತ್ತಿದ್ದ ದಾರಿ: ಹಳೆಯ ಪೇಟೆಯ ಒಂದು ಬಾಡಿಗೆ ಪ್ರಕರಣ

ಹಿನ್ನೆಲೆ

ತುಮಕೂರಿನ ಹಳೆಯ ಪೇಟೆಯ ಒಂದು ಓಣಿಯಲ್ಲಿ, ಹೊಸದಾಗಿ ನವೀಕರಿಸಿದ ಒಂದೇ ಕೋಣೆಯ ಮನೆಯನ್ನು ಬಾಡಿಗೆಗೆ ಕೊಟ್ಟವರಿಗೂ ಪಡೆದವರಿಗೂ ನಡುವೆ ಒಂದು ವರ್ಷ ನಡೆದದ್ದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಗುರುತು ಹತ್ತಬಾರದೆಂದು ಓಣಿಯ ಹೆಸರು, ಇಬ್ಬರ ಹೆಸರು ಮತ್ತು ಇಸವಿಯನ್ನು ಬಿಟ್ಟಿದ್ದೇನೆ. ಈ ಪ್ರಕರಣದಲ್ಲಿ ನಾನು ಬರಿಯ ನೋಡುಗನಲ್ಲ. ಕರಾರು ಪತ್ರ ಬರೆದುಕೊಡುವುದು ನನ್ನ ಕಸುಬು. ಈ ಮನೆಯ ಬಾಡಿಗೆ ಕರಾರನ್ನು ಬರೆದವನೂ ನಾನೇ, ಮುಂದೆ ತಕರಾರಾದಾಗ ಎರಡೂ ಕಡೆಯವರು ಬಂದು ಕೂತದ್ದೂ ನನ್ನ ಮೇಜಿನ ಮುಂದೆಯೇ. ಆ ಕರಾರಿನ ಒಂದು ಸಾಲಿನ ಬಗ್ಗೆ ನನಗೆ ಇಂದಿಗೂ ಸಮಾಧಾನವಿಲ್ಲ. ಅದು ಮುಂದೆ ಬರುತ್ತದೆ.

ಮಾಲೀಕರು ನಿವೃತ್ತ ಪ್ರೌಢಶಾಲಾ ಶಿಕ್ಷಕರು, ಓಣಿಯಲ್ಲಿ ಎಲ್ಲರಿಗೂ ‘ಮೇಷ್ಟ್ರು’. ಅವರ ತಾತ ಕಟ್ಟಿಸಿದ್ದು ತೊಟ್ಟಿ ಮನೆ, ಅಂದರೆ ನಡುವೆ ಆಕಾಶಕ್ಕೆ ತೆರೆದ ಅಂಗಳವಿರುವ ಮನೆ: ಕಲ್ಲಿನ ಪಾಯ, ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಸುಣ್ಣದ ಗಾರೆ, ಮರದ ಜಂತಿ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಗಂಡ ಹೆಂಡತಿ ಇಬ್ಬರೇ ಹಿಂಭಾಗದಲ್ಲಿ ಉಳಿದುಕೊಂಡಿದ್ದರು. ಬೀದಿ ಬದಿಯ ಜಗುಲಿ ಮತ್ತು ಪಡಸಾಲೆ ಹಳೆಯ ಸಾಮಾನು ತುಂಬಿಕೊಂಡು ಖಾಲಿ ಬಿದ್ದಿದ್ದವು. ಅದನ್ನು ಬೇರೆ ಬಾಗಿಲಿನ ಮನೆಯಾಗಿ ಮಾಡಿದರೆ ಬಾಡಿಗೆ ಬರುತ್ತದೆಂದು ಮಗ ಹೇಳಿದ್ದರಿಂದ, ಸೊಸೈಟಿಯಲ್ಲಿ ಸಾಲ ತೆಗೆದು ಕೆಲಸ ಮಾಡಿಸಿದರು. ಮೂರೇ ತಿಂಗಳಲ್ಲಿ ಪಡಸಾಲೆ ಬೇರೆಯದೇ ರೂಪ ತಾಳಿತು. ರೆಡ್ ಆಕ್ಸೈಡ್ ನೆಲದ ಮೇಲೆ ವಿಟ್ರಿಫೈಡ್ ಟೈಲ್ಸ್ ಕೂತವು, ಜಂತಿಗಳನ್ನು ಪಿಒಪಿ ಮರೆಮಾಡಿತು, ಗೋಡೆಗೆ ಸಿಮೆಂಟು ಮೆತ್ತಿ ಅದರ ಮೇಲೆ ಎರಡು ಕೋಟ್ ಪುಟ್ಟಿ ಎಳೆದು ಬಿಳಿ ಬಣ್ಣ ಹೊಡೆದರು. ಮೂಲೆಯಲ್ಲಿದ್ದ ಉಗ್ರಾಣ ಬಚ್ಚಲು ಮನೆಯಾಯಿತು; ಅದರ ಪಕ್ಕದಲ್ಲಿ ಗ್ರಾನೈಟ್ ಕಟ್ಟೆಯ ಅಡುಗೆ ಜಾಗ.

ಬಾಡಿಗೆಗೆ ಬಂದವರು ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ ಮಾಡುವ, ಮೂವತ್ತರ ಒಳಗಿನ ಯುವತಿ. ಪಿಜಿಯಲ್ಲಿ ಮೂವರ ಜೊತೆ ಒಂದು ಕೋಣೆ ಹಂಚಿಕೊಂಡು ಬೇಸತ್ತಿದ್ದರು. ಹೊಸ ಬಡಾವಣೆಗಳಲ್ಲಿ ಇದೇ ಬಾಡಿಗೆಗೆ ಮನೆಗಳಿದ್ದರೂ ಅವರು ಹಳೆಯ ಪೇಟೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಸರಳವಾಗಿತ್ತು: ಕಂಪನಿ ಬಸ್ಸು ನಿಲ್ಲುವ ಜಾಗಕ್ಕೆ ಐದು ನಿಮಿಷದ ನಡಿಗೆ, ಮತ್ತು ಎರಡನೇ ಪಾಳಿ ಮುಗಿಸಿ ರಾತ್ರಿ ಬರುವಾಗಲೂ ಯಾವುದಾದರೊಂದು ಜಗುಲಿಯ ಮೇಲೆ ಯಾರಾದರೂ ಎದ್ದು ಕೂತಿರುತ್ತಾರೆ. ಮನೆ ನೋಡಿದ್ದು ಫೆಬ್ರವರಿಯಲ್ಲಿ. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ತಿಂಗಳಿಗೆ 7,500 ರೂಪಾಯಿ ಬಾಡಿಗೆ, 60,000 ಅಡ್ವಾನ್ಸ್, ಮಾರ್ಚ್ 1ರಿಂದ ಹನ್ನೊಂದು ತಿಂಗಳ ಕರಾರು.

ಒಂದು ವರ್ಷ ಮೀರಿದ ಭೋಗ್ಯ ಅಥವಾ ಬಾಡಿಗೆಯ ಕರಾರನ್ನು ನೋಂದಾಯಿಸಲೇಬೇಕಾಗುವುದರಿಂದ ಎಲ್ಲರೂ ಹನ್ನೊಂದು ತಿಂಗಳಿಗೆ ಬರೆಸುತ್ತಾರೆ. ನನ್ನ ಕಂಪ್ಯೂಟರಿನಲ್ಲಿ ಅದಕ್ಕೆ ಸಿದ್ಧ ನಮೂನೆಯೇ ಇದೆ. ಆ ನಮೂನೆಯ ಆರನೇ ಕಲಮು ಹೀಗಿತ್ತು: “ಸದರಿ ಮನೆಯು ಸುಸ್ಥಿತಿಯಲ್ಲಿದ್ದು, ಬಾಡಿಗೆದಾರರು ಸ್ವತಃ ನೋಡಿ ಒಪ್ಪಿರುತ್ತಾರೆ.” ಮನೆಯನ್ನು ನಾನು ನೋಡಿರಲಿಲ್ಲ. ಹೆಸರು, ವಿಳಾಸ, ಮೊತ್ತ ತುಂಬಿ ಇ-ಸ್ಟಾಂಪ್ ಹಾಳೆಯ ಮೇಲೆ ಮುದ್ರಿಸಿಕೊಟ್ಟೆ. ಇಪ್ಪತ್ತು ನಿಮಿಷದ ಕೆಲಸ.

ಮೊದಲ ತಕರಾರು: ಕರೆಂಟ್ ಬಿಲ್ಲು

ತೊಂದರೆ ಮೊದಲು ಕಾಣಿಸಿದ್ದು ಗೋಡೆಯಲ್ಲಲ್ಲ, ಮೀಟರಿನಲ್ಲಿ. ಇಡೀ ಮನೆಗೆ ವಿದ್ಯುತ್ ಕಂಪನಿ ಬೆಸ್ಕಾಂನ ಒಂದೇ ಆರ್.ಆರ್. ಸಂಖ್ಯೆ, ಅಂದರೆ ಒಂದೇ ಸಂಪರ್ಕ; ಪಡಸಾಲೆಗೆ ಮಾಲೀಕರು ಖಾಸಗಿಯಾಗಿ ಸಬ್‌ಮೀಟರ್ ಹಾಕಿಸಿದ್ದರು. 2023ರಲ್ಲಿ ಜಾರಿಗೆ ಬಂದ, ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆಯಲ್ಲಿ ಬಾಡಿಗೆದಾರರಿಗೂ ಸೌಲಭ್ಯವುಂಟು, ಆದರೆ ಅದು ಸಿಗುವುದು ಆರ್.ಆರ್. ಸಂಖ್ಯೆಯ ಲೆಕ್ಕದಲ್ಲಿ. ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಹೆಚ್ಚುವರಿ ಸೇರಿಸಿ ಉಚಿತ ಯೂನಿಟ್ ನಿಗದಿಯಾಗುತ್ತದೆ; ಅದನ್ನು ಮೀರಿದರೆ ಮೀರಿದಷ್ಟಕ್ಕೆ ಹಣ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಏಪ್ರಿಲ್‌ನಲ್ಲಿ ಬಾಡಿಗೆದಾರರು ಕೂಲರ್ ತಂದರು. ಆ ತಿಂಗಳ ಒಟ್ಟು ಬಳಕೆ 214 ಯೂನಿಟ್. ಅಷ್ಟು ದಿನ ಸೊನ್ನೆಯೋ ನೂರಿನ್ನೂರೋ ಬರುತ್ತಿದ್ದ ಬಿಲ್ಲು 1,700 ರೂಪಾಯಿ ಚಿಲ್ಲರೆಯಾಯಿತು.

ಮಾಲೀಕರು ಪೂರ್ತಿ ಮೊತ್ತ ಕೇಳಿದರು: ನೀವು ಬಂದ ಮೇಲೆಯೇ ಗಡಿ ದಾಟಿದ್ದು. ಬಾಡಿಗೆದಾರರ ಸಬ್‌ಮೀಟರ್ ತೋರಿಸಿದ್ದು 68 ಯೂನಿಟ್: ನಾನು ಉರಿಸಿದ್ದಕ್ಕೆ ಮಾತ್ರ ಕೊಡುತ್ತೇನೆ. ಇಬ್ಬರ ಮಾತಿನಲ್ಲೂ ಹುರುಳಿತ್ತು ಎಂದೇ ನನ್ನ ಅಭಿಪ್ರಾಯ. ಅವರಿಲ್ಲದಿದ್ದರೆ ಮಾಲೀಕರಿಗೆ ಬಹುಪಾಲು ಉಚಿತವಾಗುತ್ತಿತ್ತು ಎಂಬುದು ನಿಜ; ಹಾಗೆಯೇ ಆ ಸಬ್‌ಮೀಟರಿನಿಂದಾಗಿ ಬಾಡಿಗೆದಾರರು ತಮಗೆ ಸಿಗಬಹುದಾಗಿದ್ದ ಉಚಿತ ವಿದ್ಯುತ್ತನ್ನು ಕಳೆದುಕೊಂಡಿದ್ದರು ಎಂಬುದೂ ನಿಜ. ಯೂನಿಟ್ ಪ್ರಮಾಣದಲ್ಲಿ ಹಂಚಿಕೊಳ್ಳುವುದೆಂದು ತೀರ್ಮಾನವಾಗಿ, ಅವರ ಪಾಲಿಗೆ ಸುಮಾರು 540 ರೂಪಾಯಿ ಬಂತು. ಪ್ರತ್ಯೇಕ ಮೀಟರಿಗೆ ಅರ್ಜಿ ಹಾಕಿ ಎಂದು ನಾನು ಹೇಳಿದ್ದನ್ನು ಮಾಲೀಕರು ಒಪ್ಪಲಿಲ್ಲ. ಎರಡು ಮನೆಯೆಂದು ದಾಖಲಾದರೆ ಕಂದಾಯ ಏರುತ್ತದೆ ಎಂಬ ಭಯ ಅವರಿಗಿತ್ತು. ಮೊತ್ತ ಸಣ್ಣದಾದರೂ ಈ ತಕರಾರು ಒಂದು ಪರಿಣಾಮ ಉಳಿಸಿಹೋಯಿತು: ಮುಂದೆ ಗೋಡೆಯ ವಿಷಯ ಬಂದಾಗ ಇಬ್ಬರೂ ಆಗಲೇ ಸ್ವಲ್ಪ ಬಿಗಿದುಕೊಂಡಿದ್ದರು.

ಗೋಡೆ

ಈ ಸೀಮೆಯಲ್ಲಿ ದೊಡ್ಡ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಫೆಬ್ರವರಿಯಲ್ಲಿ ಮನೆ ನೋಡಿದವರಿಗೆ ಗೋಡೆ ಏನನ್ನೂ ಹೇಳುವುದಿಲ್ಲ. ಆಗಸ್ಟ್ ಕೊನೆಗೆ, ಹಿಂಭಾಗಕ್ಕೆ ಅಂಟಿಕೊಂಡ ಗೋಡೆಯಲ್ಲಿ, ಮಂಚದ ತಲೆದಿಂಬಿನ ಎತ್ತರಕ್ಕೆ ಮೊದಲು ಚಹಾ ಚೆಲ್ಲಿದಂಥ ಹಳದಿ ಅಂಚು ಕಾಣಿಸಿಕೊಂಡಿತು. ಎರಡು ವಾರದಲ್ಲಿ ಪುಟ್ಟಿ ಹಪ್ಪಳದಂತೆ ಉಬ್ಬಿತು. ಬೆರಳಿಂದ ಒತ್ತಿದರೆ ಪರ್ರೆಂದು ಒಡೆದು, ಒಳಗಿಂದ ಅಕ್ಕಿ ಹಿಟ್ಟಿನಂಥ ಬಿಳಿ ಪುಡಿ ಉದುರುತ್ತಿತ್ತು. ನಾಲಗೆಗೆ ತಗುಲಿಸಿ ನೋಡಿದರೆ ಉಪ್ಪು ಎಂದು ಬಾಡಿಗೆದಾರರೇ ನನಗೆ ಹೇಳಿದರು. ಬೀರುವಿನಲ್ಲಿದ್ದ ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯಿತು. ಒಂದು ರಾತ್ರಿ ಮೊಬೈಲ್ ಚಾರ್ಜಿಗೆ ಹಾಕಲು ಹೋದಾಗ ಸ್ವಿಚ್‌ಬೋರ್ಡು ಜುಂ ಎಂದು ಕೈ ಹಿಡಿಯಿತು.

ಮಾಲೀಕರ ಮೊದಲ ಪ್ರತಿಕ್ರಿಯೆ ಬಹುತೇಕ ಮಾಲೀಕರದೇ: “ಕಿಟಕಿ ತೆಗೀಬೇಕಮ್ಮ, ಬಟ್ಟೆ ಒಳಗೆ ಒಣಗಿಸಬಾರದು.” ಎರಡನೆಯದು ಪೇಂಟರ್. ವಾಟರ್‌ಪ್ರೂಫ್ ಪುಟ್ಟಿ ಹಚ್ಚಿಸಲು ಅವರು 4,500 ರೂಪಾಯಿ ಖರ್ಚು ಮಾಡಿದರು. ಮೂರು ವಾರ ಗೋಡೆ ಚೆನ್ನಾಗಿತ್ತು. ನಾಲ್ಕನೇ ವಾರ ಕಲೆ ಒಂದು ಅಡಿ ಮೇಲೆ, ಹೊಸ ಪುಟ್ಟಿ ಮುಗಿದ ಗೆರೆಯ ಮೇಲುಗಡೆ ಮೂಡಿತು.

ಹೀಗೆ ಆಗುವುದಕ್ಕೆ ಕಾರಣವಿದೆ. ಮಣ್ಣಿನ ಗೋಡೆ ಪಾಯದಿಂದ ಸ್ವಲ್ಪ ನೀರು ಸದಾ ಹೀರುತ್ತದೆ. ಸುಣ್ಣದ ಗಾರೆ ಇದ್ದಾಗ ಆ ತೇವ ಗೋಡೆಯ ಮೈಯಿಂದಲೇ ಆರಿಹೋಗುತ್ತದೆ. ಅದರ ಮೇಲೆ ಸಿಮೆಂಟು, ಪುಟ್ಟಿ, ಪ್ಲಾಸ್ಟಿಕ್ ಬಣ್ಣ ಮೆತ್ತಿದರೆ ತೇವಕ್ಕೆ ಹೊರಗೆ ಹೋಗುವ ದಾರಿಯಿಲ್ಲದೆ ಇನ್ನಷ್ಟು ಮೇಲೇರಿ, ಎಲ್ಲಿ ಸಡಿಲ ಸಿಗುತ್ತದೋ ಅಲ್ಲಿ ಹೊರಬೀಳುತ್ತದೆ. ನೀರಿನೊಡನೆ ಬಂದ ಉಪ್ಪು ಪುಟ್ಟಿಯ ಹಿಂದೆ ಹರಳುಗಟ್ಟಿ ಅದನ್ನು ನೂಕುತ್ತದೆ. ಪೇಂಟರ್ ಮಾಡಿದ್ದು ಮುಚ್ಚಳವನ್ನು ಒಂದು ಅಡಿ ಎತ್ತರಿಸಿದ್ದು, ಅಷ್ಟೆ.

ಕಾಗದ

ಸೆಪ್ಟೆಂಬರ್ ಕೊನೆಯಲ್ಲಿ ಬಾಡಿಗೆದಾರರು ನನ್ನ ಬಳಿ ಬಂದಾಗ ಒಂದು ತೀರ್ಮಾನ ಮಾಡಿಕೊಂಡೇ ಬಂದಿದ್ದರು: ಬಾಡಿಗೆ ನಿಲ್ಲಿಸಿಬಿಡುವುದು, ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ ಎನ್ನುವುದು. ಈ ದಾರಿಯನ್ನು ಹತ್ತರಲ್ಲಿ ಎಂಟು ಜನ ಹಿಡಿಯುತ್ತಾರೆ, ಹಿಡಿದವರೆಲ್ಲ ತಮ್ಮ ಪಕ್ಷವನ್ನು ತಾವೇ ದುರ್ಬಲ ಮಾಡಿಕೊಳ್ಳುತ್ತಾರೆ. ಬಾಡಿಗೆ ಬಾಕಿಯಾದ ದಿನದಿಂದ ಮಾತು ಗೋಡೆಯದಾಗಿ ಉಳಿಯುವುದಿಲ್ಲ, ಬಾಕಿಯದಾಗುತ್ತದೆ.

ನಾನು ಹೇಳಿದ್ದು ಬೇರೆ. ಕರ್ನಾಟಕ ಬಾಡಿಗೆ ಕಾಯ್ದೆ, 1999, ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಇಂಥ ಮನೆಗೆ ಅನ್ವಯಿಸುವುದಿಲ್ಲ. ಇಲ್ಲಿ ನಡೆಯುವುದು ಕರಾರು ಮತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 108ನೇ ಪ್ರಕರಣದಲ್ಲಿ ಎರಡು ಮಾತುಗಳು ಇಲ್ಲಿಗೆ ಸಂಬಂಧಿಸಿದವು. ಕರಾರಿನಲ್ಲಿ ಬೇರೆ ರೀತಿ ಬರೆದುಕೊಂಡಿಲ್ಲದಿದ್ದರೆ, ಸಾಧಾರಣ ಎಚ್ಚರಿಕೆಯಿಂದ ನೋಡಿದರೂ ಕಾಣದ, ಆದರೆ ಮಾಲೀಕನಿಗೆ ಗೊತ್ತಿರುವ ಮುಖ್ಯ ದೋಷವನ್ನು ಅವನು ತಿಳಿಸಬೇಕು. ಮತ್ತು ತಾನು ಮಾಡಿಸಲೇಬೇಕಾದ ರಿಪೇರಿಯನ್ನು ತಿಳಿವಳಿಕೆ ಕೊಟ್ಟ ಮೇಲೂ ತಕ್ಕ ಸಮಯದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರ ಅದನ್ನು ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಎರಡಕ್ಕೂ ಮೊದಲ ಮೆಟ್ಟಿಲು ಬರವಣಿಗೆ. ಆದರೆ ನನ್ನ ಆರನೇ ಕಲಮು ಅವರಿಗೆ ಎದುರಾಗಿ ನಿಂತಿತ್ತು: ‘ನೋಡಿ ಒಪ್ಪಿರುತ್ತಾರೆ.’ ಅದನ್ನು ಬರೆದವನ ಮುಂದೆಯೇ ಕೂತು ಅದಕ್ಕೆ ಪರಿಹಾರ ಕೇಳುತ್ತಿದ್ದಾರೆ ಎಂಬುದು ಅವರಿಗೆ ಹೊಳೆಯಿತೋ ಇಲ್ಲವೋ, ನನಗಂತೂ ಹೊಳೆಯಿತು.

ಒಂದೇ ಪುಟದ ಕಾಗದ ಬರೆದೆವು. ಕಲೆ ಕಂಡ ದಿನಾಂಕಗಳು, ಫೋಟೋಗಳು, ಶಾಕ್ ಹೊಡೆದ ಸಂಗತಿ, ಹದಿನೈದು ದಿನದಲ್ಲಿ ಕಾರಣ ಪತ್ತೆ ಮಾಡಿಸಬೇಕೆಂಬ ಕೋರಿಕೆ. ‘ಸರಿಪಡಿಸಬೇಕು’ ಎನ್ನದೆ ‘ಕಾರಣ ಪತ್ತೆ ಮಾಡಿಸಬೇಕು’ ಎಂದು ಬರೆಸಿದ್ದು ಬೇಕೆಂದೇ. ಮೊದಲನೆಯದನ್ನು ಕೇಳಿದರೆ ಇನ್ನೊಬ್ಬ ಪೇಂಟರ್ ಬರುತ್ತಿದ್ದರು. ಅಕ್ಟೋಬರ್ ತಿಂಗಳ ಬಾಡಿಗೆಯನ್ನು ಅದೇ ದಿನ ಖಾತೆಗೆ ಹಾಕಿ, ಕಾಗದವನ್ನು ಕೈಗೆ ಕೊಟ್ಟು ನಕಲಿನ ಮೇಲೆ ಸಹಿ ಪಡೆಯಬೇಕೆಂದು ತಿಳಿಸಿದೆ.

ಮೇಷ್ಟ್ರು ಸಹಿ ಹಾಕಿದರು, ಆದರೆ ನೊಂದುಕೊಂಡರು. “ಒಂದೇ ಗೋಡೆಯ ಆ ಕಡೆ ಈ ಕಡೆ ಇದ್ದುಕೊಂಡು ಕಾಗದ ಬರೀತೀಯೇನಮ್ಮಾ?” ಎಂದರಂತೆ. ಬಾಡಿಗೆದಾರರು ಕೊಟ್ಟ ಉತ್ತರ ನನಗೆ ಹಿಡಿಸಿತು: “ಬಾಯಲ್ಲಿ ಮೂರು ಸಲ ಹೇಳಿದ್ದೆ ಸರ್.”

ಚಪ್ಪಡಿಯ ಕೆಳಗೆ

ಕಾಗದದ ಮರುದಿನ ಎಲೆಕ್ಟ್ರಿಷಿಯನ್ ಬಂದು ಆ ಗೋಡೆಯ ಬೋರ್ಡಿನ ಸಂಪರ್ಕ ತೆಗೆದು, ಸಬ್‌ಮೀಟರ್ ಬಳಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಸಂಪರ್ಕ ಕಡಿಯುವ ಸಾಧನ) ಹಾಕಿದರು. ಇದಕ್ಕೆ ಯಾರೂ ವಾದ ಮಾಡಲಿಲ್ಲ. ಹೊಸ ಟೈಲ್ಸಿಗೆ, ಪಿಒಪಿಗೆ ಅಷ್ಟು ಖರ್ಚು ಮಾಡಿದ ಮನೆಯಲ್ಲಿ ಅದೊಂದು ಸಾಧನ ಇಲ್ಲದಿದ್ದದ್ದು ಈ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಗಾಬರಿ ಹುಟ್ಟಿಸಿದ ಸಂಗತಿ.

ಕಾರಣ ಪತ್ತೆಗೆ ಮೊದಲು ಮಾಡಿದ್ದು ಪುಟ್ಟಿ ಕೆರೆದ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆಯೊಂದನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಎರಡು ದಿನ ಅಂಟಿಸಿಟ್ಟದ್ದು. ಹಾಳೆಯ ಹೊರಮೈಯಲ್ಲಿ ಹನಿ ಕೂತರೆ ಕೋಣೆಯ ಗಾಳಿಯ ತೇವ, ಒಳಮೈಯಲ್ಲಿ ಕೂತರೆ ಗೋಡೆಯದು. ಕೂತದ್ದು ಒಳಮೈಯಲ್ಲಿ. ಕಿಟಕಿಯ ಮಾತು ಅಲ್ಲಿಗೆ ಮುಗಿಯಿತು. ಬಚ್ಚಲಿನ ಪೈಪು ಸೋರುತ್ತಿದೆಯೇ ಎಂದು ಒಂದು ಇಡೀ ದಿನ ನಲ್ಲಿ ನಿಲ್ಲಿಸಿ ನೋಡಿದ್ದಾಯಿತು, ಅದೂ ಅಲ್ಲ. ಬಚ್ಚಲು ಇದ್ದದ್ದು ಎದುರು ಮೂಲೆಯಲ್ಲಿ.

ಉತ್ತರ ಬಂದದ್ದು ಎದುರು ಮನೆಯ ಜಗುಲಿಯಿಂದ. ಎಂಬತ್ತು ದಾಟಿದ ಅಜ್ಜಿಯೊಬ್ಬರು, ಗಾರೆ ಮೇಸ್ತ್ರಿ ಒಳಗೆ ಹೊರಗೆ ಓಡಾಡುವುದನ್ನು ನೋಡುತ್ತ ಕೂತಿದ್ದವರು, ಬಾಡಿಗೆದಾರರನ್ನು ಕರೆದು ಹೇಳಿದರು: “ಮೇಷ್ಟ್ರ ತಾಯಿ ಇದ್ದಾಗ ತೊಟ್ಟಿ ತೊಳೆದ ನೀರು ನಮ್ಮನೆ ಮುಂದಲ ಮೋರಿಗೇ ಬಂದು ಬೀಳೋದು ಕಣವ್ವ. ಈಗ ಎಷ್ಟು ಮಳೆ ಬಂದ್ರೂ ಒಂದು ತೊಟ್ಟು ಬರಲ್ಲ. ಎಲ್ಲಿಗ್ ಹೋಯ್ತದೋ.”

ಈ ಮಾತನ್ನು ಮೇಷ್ಟ್ರಿಗೆ ಮುಟ್ಟಿಸಿದಾಗ ನಾನೂ ಅಲ್ಲಿದ್ದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಚಿಕ್ಕಂದಿನಲ್ಲಿ ಜೋರು ಮಳೆಯ ದಿನ ತೊಟ್ಟಿಯ ತೂಬಿಗೆ ನಿಂಬೆಹಣ್ಣು ಬಿಟ್ಟು, ಅದು ಮೋರಿಗೆ ಬಂದು ಬೀಳುವುದನ್ನು ನೋಡಲು ಅಣ್ಣತಮ್ಮಂದಿರೆಲ್ಲ ಪಡಸಾಲೆ ದಾಟಿ ಬೀದಿಗೆ ಓಡುತ್ತಿದ್ದದ್ದನ್ನು ಹೇಳಿದರು. ಆ ನಿಂಬೆಹಣ್ಣು ಓಡುತ್ತಿದ್ದದ್ದು ಪಡಸಾಲೆಯ ಕೆಳಗೆ. ಅಂದರೆ ಈಗಿನ ಮಂಚದ ಕೆಳಗೆ.

ಗೋಡೆಯಿಂದ ಎರಡನೇ ಸಾಲಿನ ಟೈಲ್ ಎಬ್ಬಿಸಿ, ಹಳೆಯ ನೆಲ ಒಡೆದು, ಕಲ್ಲು ಚಪ್ಪಡಿಯನ್ನು ಹಾರೆಯಿಂದ ಮೀಟಿದಾಗ ಕಂಡದ್ದು ಒಂದು ಮೊಳ ಅಗಲದ ಕಲ್ಲಿನ ತೂಬು. ಅದರ ತುಂಬ ಕಪ್ಪು ನೀರು ನಿಂತಿತ್ತು. ಓಣಿಗೆ ಒಂದರ ಮೇಲೊಂದು ಕಾಂಕ್ರೀಟ್ ಬಿದ್ದು ಬೀದಿಯೇ ಮನೆಯ ನೆಲಕ್ಕಿಂತ ಎತ್ತರವಾಗಿತ್ತು, ತೂಬಿನ ಬಾಯಿ ಎಂದೋ ಹೂತುಹೋಗಿತ್ತು. ಹಿಂಭಾಗದ ನಾಲ್ಕೂ ಸೂರಿನ ನೀರು ಮೊದಲಿನಂತೆಯೇ ತೊಟ್ಟಿಗೆ ಬೀಳುತ್ತಿತ್ತು, ಮೊದಲಿನಂತೆಯೇ ತೂಬಿಗೆ ಇಳಿಯುತ್ತಿತ್ತು. ಮುಂದೆ ಹೋಗಲಾರದೆ ಪಾಯಕ್ಕೆ ಇಂಗುತ್ತಿತ್ತು. ರೆಡ್ ಆಕ್ಸೈಡ್ ನೆಲ ಇರುವವರೆಗೆ ಮಳೆಗಾಲದಲ್ಲಿ ಪಡಸಾಲೆ ಜಿನುಗುತ್ತಿತ್ತಂತೆ. ಖಾಲಿ ಕೋಣೆಯಾದ್ದರಿಂದ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಹಾಗಾದರೆ ದೋಷ ಮಾಲೀಕರಿಗೆ ಗೊತ್ತಿತ್ತೇ? ತೂಬು ಗೊತ್ತಿತ್ತು, ಅದು ಕಟ್ಟಿಕೊಂಡದ್ದು ಗೊತ್ತಿರಲಿಲ್ಲ, ಎರಡನ್ನೂ ಜೋಡಿಸಿ ಯೋಚಿಸಿರಲಿಲ್ಲ. ನ್ಯಾಯಾಲಯಕ್ಕೆ ಹೋಗಿದ್ದರೆ ವಕೀಲರು ಇದೊಂದರ ಮೇಲೆಯೇ ವರ್ಷಗಟ್ಟಲೆ ವಾದಿಸಬಹುದಿತ್ತು. ಮೇಷ್ಟ್ರು ವಾದಿಸಲಿಲ್ಲ. ಆ ನಿಂಬೆಹಣ್ಣಿನ ಮಾತು ಅವರ ಬಾಯಿಂದಲೇ ಬಂದಿದ್ದರಿಂದ, ಖರ್ಚು ಯಾರದು ಎಂಬ ಪ್ರಶ್ನೆಯನ್ನು ಆಮೇಲೆ ಯಾರೂ ಎತ್ತಬೇಕಾಗಲಿಲ್ಲ.

ಮಾಡಿದ ಕೆಲಸ

ಹೊಸ ಪೈಪು ಹಾಕಿ ಬೀದಿಗೆ ಬಿಡಲು ಬರುವಂತಿರಲಿಲ್ಲ, ಮೋರಿಯೇ ಎತ್ತರದಲ್ಲಿತ್ತು. ಆದ್ದರಿಂದ ತೊಟ್ಟಿಯ ಸುತ್ತ ಸೂರಿಗೆ ತಗಡಿನ ದೋಣಿ ಕಟ್ಟಿ, ನೀರನ್ನು ಹಿತ್ತಿಲ ಸಂಪ್ ಟ್ಯಾಂಕಿಗೆ ತಿರುಗಿಸಿದರು. ತೂಬಿನ ಬಾಯಿಯನ್ನು ತೊಟ್ಟಿಯ ಕಡೆಯಿಂದ ಮುಚ್ಚಿ, ನಿಂತ ನೀರು ಬಳಿದರು. ಒಳಗೋಡೆಯ ಸಿಮೆಂಟು, ಪುಟ್ಟಿಗಳನ್ನು ನಾಲ್ಕಡಿ ಎತ್ತರಕ್ಕೆ ಕೆತ್ತಿ ತೆಗೆದು, ಮಣ್ಣಿನ ಗೋಡೆಯನ್ನು ಬೆತ್ತಲೆ ಬಿಟ್ಟರು. ಒಟ್ಟು 38,000 ರೂಪಾಯಿ ಆಯಿತು.

ಬೆತ್ತಲೆ ಬಿಡುವುದರ ಬಗ್ಗೆ ಮಾತ್ರ ಜಗಳವಾಯಿತು. ಗೋಡೆ ಆರುವುದಕ್ಕೆ ತಿಂಗಳುಗಳೇ ಬೇಕು, ಅದಕ್ಕೆ ಮುಂಚೆ ಏನು ಹಚ್ಚಿದರೂ ಮತ್ತೆ ಉದುರುತ್ತದೆ ಎಂದು ಮೇಸ್ತ್ರಿ ಪಟ್ಟು ಹಿಡಿದರು. ಕೊಟ್ಟಿಗೆಯಂತೆ ಕಾಣುವ ಮನೆಗೆ 7,500 ಹೇಗೆ ಕೇಳಲಿ ಎಂದು ಮಾಲೀಕರು. ಬಾಡಿಗೆದಾರರು ಬೆತ್ತಲೆ ಗೋಡೆಯೇ ಇರಲಿ ಎಂದರು, ಬಾಡಿಗೆ ಇಳಿಸಿ ಎಂದರು. ಕೆಲಸ ನಡೆದ ಇಪ್ಪತ್ತು ದಿನ ಅವರು ಗೆಳತಿಯ ಮನೆಯಲ್ಲಿದ್ದರು. ಆ ದಿನಗಳ 5,000 ಮನ್ನಾ ಆಯಿತು, ನವೆಂಬರ್‌ನಿಂದ ಬಾಡಿಗೆ 6,000ಕ್ಕೆ ಇಳಿಯಿತು. ಇದನ್ನು ಕರಾರಿಗೆ ಸೇರಿಸಿ ಇಬ್ಬರಿಂದಲೂ ಸಹಿ ಹಾಕಿಸಿದೆ.

ಅಡ್ವಾನ್ಸ್

ಜನವರಿ ಕೊನೆಗೆ ಅವಧಿ ಮುಗಿಯಿತು. ಒಂದು ತಿಂಗಳು ಮುಂದುವರಿದು, ಫೆಬ್ರವರಿ ಕೊನೆಗೆ ಬಾಡಿಗೆದಾರರು ಮನೆ ಬಿಟ್ಟರು. ಗೋಡೆಯ ಮೇಲಿನ ಕೋಪದಿಂದಲ್ಲ, ತಂಗಿ ಕಾಲೇಜಿಗೆ ಬರುವವಳಿದ್ದಳು, ಎರಡು ಕೋಣೆ ಬೇಕಿತ್ತು. ಆಗ ಗೊತ್ತಾಯಿತು, 60,000 ಅಡ್ವಾನ್ಸ್ ಬ್ಯಾಂಕಿನಲ್ಲಿರಲಿಲ್ಲ. ಅದು ಟೈಲ್ಸಾಗಿ ನೆಲದ ಮೇಲಿತ್ತು. ಮುಂದಿನವರು ಬಂದು ಅಡ್ವಾನ್ಸ್ ಕೊಟ್ಟ ಮೇಲೆ ಕೊಡುತ್ತೇನೆ ಎಂದರು ಮೇಷ್ಟ್ರು. ಅವರ ಉದ್ದೇಶದಲ್ಲಿ ಮೋಸವಿರಲಿಲ್ಲ, ಆದರೆ ಗಾರೆಯೇ ಇಲ್ಲದ ಮನೆಗೆ ಮುಂದಿನವರು ಯಾವಾಗ ಬರುತ್ತಾರೆ?

ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದೆಂದಿದೆ. ಮಾದರಿ ಮಾದರಿಯೇ, ರಾಜ್ಯ ತನ್ನ ಕಾನೂನಾಗಿ ತಂದಾಗ ಮಾತ್ರ ಅದಕ್ಕೆ ಬಲ. ಆದರೂ ಇಂಥ ಸಂದರ್ಭ ನೋಡಿದಾಗ ಆ ಮಿತಿಯ ಅರ್ಥ ತಿಳಿಯುತ್ತದೆ. 15,000 ಆಗಿದ್ದರೆ ಮೇಷ್ಟ್ರು ಅದನ್ನು ಅಂದೇ ಹೊಂದಿಸಿ ಕೊಡುತ್ತಿದ್ದರು. ಕೊನೆಗೆ 40,000 ಬೀಗದ ಕೈ ಕೊಟ್ಟ ದಿನ, ಉಳಿದ 20,000ಕ್ಕೆ ಆರು ವಾರ ಮುಂದಿನ ತಾರೀಖಿನ ಚೆಕ್. ಕರಾರಿನಂತೆ ಬಣ್ಣದ ಬಾಬ್ತು ಒಂದು ತಿಂಗಳ ಬಾಡಿಗೆ ಮುರಿಯಬೇಕಿತ್ತು. ಹೊಡೆಯಲು ಬಣ್ಣವೇ ಇಲ್ಲದ ಗೋಡೆಗೆ ಏನು ಮುರಿಯುವುದು ಎಂದು ಮೇಷ್ಟ್ರೇ ನಕ್ಕು ಬಿಟ್ಟುಕೊಟ್ಟರು. ಚೆಕ್ ಸರಿಯಾಗಿ ಪಾಸಾಯಿತು.

ಆಮೇಲೆ

ಈ ಪ್ರಕರಣದ ತಿರುವುಗಳನ್ನು ನೆನೆದಾಗ ನನಗೆ ಮುಖ್ಯವಾಗಿ ಕಾಣುವುದು ಬಾಡಿಗೆ ನಿಲ್ಲಿಸದೆ ಕಾಗದ ಕೊಟ್ಟದ್ದು, ಮತ್ತು ಕಾಗದದಲ್ಲಿ ರಿಪೇರಿಗಿಂತ ಮೊದಲು ಕಾರಣವನ್ನು ಕೇಳಿದ್ದು. ಅಜ್ಜಿಯ ಮಾತು ಅದೃಷ್ಟ ಎನ್ನಬಹುದು. ಆದರೆ ಮನೆ ನೋಡಲು ಬಂದ ದಿನವೇ ಎದುರು ಜಗುಲಿಯಲ್ಲಿ ಹತ್ತು ನಿಮಿಷ ಕೂತು, ಮಳೆ ಬಂದರೆ ಇಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದ್ದರೆ ಅದೇ ಮಾತು ಫೆಬ್ರವರಿಯಲ್ಲೇ ಸಿಗುತ್ತಿತ್ತು. ಹಳೆಯ ಪೇಟೆಯ ಮನೆ ಕೇಳಿ ಬರುವವರಿಗೆ ನಾನೀಗ ಇದನ್ನೇ ಹೇಳುತ್ತೇನೆ. ಬೀದಿಗಿಂತ ಹೊಸ್ತಿಲು ತಗ್ಗಿದೆಯೇ ನೋಡಿ, ಮಂಚ ಹಾಕುವ ಗೋಡೆಯನ್ನು ಬೆರಳಲ್ಲಿ ತಟ್ಟಿ ಕೇಳಿ, ಆರ್.ಆರ್. ಸಂಖ್ಯೆ ಒಂದೋ ಎರಡೋ ವಿಚಾರಿಸಿ ಎನ್ನುತ್ತೇನೆ. ಮಾಲೀಕರಿಗೂ ಹೇಳುವುದಿದೆ: ಒಳಗಿನ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ತಿಳಿದುಕೊಳ್ಳದೆ ಟೈಲ್ಸ್ ಆರಿಸಲು ಹೋಗಬೇಡಿ.

ನನ್ನ ನಮೂನೆಯಿಂದ ಆರನೇ ಕಲಮನ್ನು ತೆಗೆದುಹಾಕಿದ್ದೇನೆ. ಅದರ ಜಾಗದಲ್ಲಿ ಈಗ ಒಂದು ಖಾಲಿ ಪುಟವಿದೆ, ಗೋಡೆ, ನೆಲ, ನೀರು, ವಿದ್ಯುತ್ತು ಎಂದು ತಲೆಬರಹ ಹಾಕಿ. ಅದನ್ನು ಇಬ್ಬರೂ ಮನೆಯಲ್ಲೇ ನಿಂತು ಕೈಯಲ್ಲಿ ತುಂಬಿಕೊಂಡು ಬಂದರೆ ಮಾತ್ರ ಕರಾರು ಮುದ್ರಿಸುತ್ತೇನೆ. ಕೆಲವರು ಗೊಣಗಿ ಪಕ್ಕದ ಅಂಗಡಿಗೆ ಹೋಗುತ್ತಾರೆ.

ಮೇ ತಿಂಗಳಲ್ಲಿ ಆ ಗೋಡೆಗೆ ಸುಣ್ಣದ ಗಾರೆ ಬಿತ್ತು. ಜೂನ್‌ನಲ್ಲಿ ಹೊಸ ಬಾಡಿಗೆದಾರರೊಬ್ಬರನ್ನು ಕರೆದುಕೊಂಡು ಮೇಷ್ಟ್ರು ನನ್ನ ಬಳಿ ಬಂದರು, ಅಡ್ವಾನ್ಸ್ 30,000. ಆ ಪುಟವನ್ನು ಅವರೇ, ಶಾಲೆಯ ಬೋರ್ಡಿನ ಮೇಲೆ ಬರೆಯುತ್ತಿದ್ದ ಗುಂಡು ಅಕ್ಷರದಲ್ಲಿ ತುಂಬಿದ್ದರು. ನೆಲದ ಎದುರಿಗೆ ಹೀಗಿತ್ತು: “ಪಡಸಾಲೆಯ ಕೆಳಗೆ ಹಳೆಯ ತೂಬು ಇದೆ. ತೊಟ್ಟಿಯ ಕಡೆಯ ಬಾಯಿ ಮುಚ್ಚಿದೆ. ಮಳೆಗಾಲದಲ್ಲಿ ನೋಡುತ್ತಿರಬೇಕು.”